ಅಮ್ಮನ ಹೆಸರಿನ ನಡಿಗೆ

ಬೆಳಗ್ಗೆ ಎದ್ದಾಗಿನಿಂದ ಆತ್ರೇಯನಿಗೆ ಒಂದೇ ಧ್ಯಾನ: ಇವತ್ತು ಹೌದು ಅನ್ನಬೇಕು. ಹಲ್ಲುಜ್ಜುವಾಗ ಒಮ್ಮೆ, ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಒಮ್ಮೆ, ಬಾಯೊಳಗೇ ಅಂದು ನೋಡಿಕೊಂಡ. ನಲವತ್ತೇಳು ವರ್ಷದ ಗಂಡಸು ಕನ್ನಡಿಯ ಮುಂದೆ ನಿಂತು ಹೌದು ಅನ್ನುವುದನ್ನು ಅಭ್ಯಾಸ ಮಾಡುವುದು ನಗೆಪಾಟಲಿನ ಸಂಗತಿಯೇ, ಆದರೆ ಅವನ ಕಷ್ಟ ಅವನಿಗೆ. ಹೊಸ ಕಂಪನಿಗಳಲ್ಲಿ ಹಣ ಹೂಡುವ ಜನರ ಪರವಾಗಿ, ಆ ಕಂಪನಿ ಹೇಳಿಕೊಳ್ಳುವುದರಲ್ಲಿ ನಿಜವೆಷ್ಟು, ನಾಳೆ ಅದು ಉಳಿಯುತ್ತದೋ ಇಲ್ಲವೋ ಎಂದು ಪರೀಕ್ಷಿಸಿ ವರದಿ ಬರೆಯುವುದು ಅವನ ಉದ್ಯೋಗ. ಹನ್ನೊಂದು ವರ್ಷ ಹೆಚ್ಚುಕಡಿಮೆ ಎಲ್ಲಕ್ಕೂ ಇಲ್ಲ ಎಂದೇ ಬರೆದಿದ್ದ. ಅವುಗಳಲ್ಲಿ ಬಹಳಷ್ಟು ಹೇಳಹೆಸರಿಲ್ಲದೆ ಮುಚ್ಚಿಹೋದವು. ಅದಕ್ಕೆ ಯಾರೂ ಅವನ ಬೆನ್ನು ತಟ್ಟಲಿಲ್ಲ. ಎರಡು ಕಂಪನಿಗಳು ಮಾತ್ರ ನೋಡನೋಡುತ್ತ ಬೆಳೆದು ನಿಂತವು, ಅವು ಅವನ ಹಣೆಗೆ ಅಂಟಿಕೊಂಡವು. ಆಫೀಸಿನ ಮುಖ್ಯಸ್ಥ ಮಹದೇವ್, ಎಲ್ಲರೂ ಕೂತಿರುವಾಗ, "ಆತ್ರೇಯ, ಕಾಫಿ ಹೇಳ್ಲಾ?" ಎಂದು ಕೇಳಿ, ಇವನು ಬಾಯಿ ತೆರೆಯುವ ಮೊದಲೇ, "ಅವರು ಇಲ್ಲ ಅಂತಾರೆ ಬಿಡಿ" ಎಂದುಬಿಡುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಆತ್ರೇಯನೂ ನಗುತ್ತಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಕಾಫಿ ಬೇಕಾಗಿರುತ್ತಿತ್ತು.

ಈ ಸಲದ ಕಂಪನಿಯ ಹೆಸರು ನಡೆದಾಡು. ಕೈಗೊಂದು ಕಪ್ಪು ಪಟ್ಟಿ ಕಟ್ಟಿಕೊಂಡರೆ ಅದು ಹೆಜ್ಜೆಗಳನ್ನೂ ಎದೆಬಡಿತವನ್ನೂ ಎಣಿಸಿಟ್ಟುಕೊಂಡು, ಸಂಜೆ ಫೋನಿನ ಪಕ್ಕದಲ್ಲಿಟ್ಟಾಗ ಆ್ಯಪಿಗೆ ಒಪ್ಪಿಸುತ್ತದೆ. ಆ್ಯಪು ಎಲ್ಲವನ್ನೂ ಕೂಡಿಸಿ ಕಳೆದು, ನಿಮ್ಮ ಹೃದಯದ ವಯಸ್ಸು ಇಷ್ಟು ಎಂದು ಹೇಳುತ್ತದೆ. ಎಲ್ಲ ಸರಿಯಿದ್ದರೆ ಹಸಿರು ಎಲೆ, ಇಲ್ಲದಿದ್ದರೆ ಹಳದಿ. ತೊಂಬತ್ತು ದಿನ ಬಿಡದೆ ನಡೆದವರಿಗೆ ಸಕ್ಕರೆ ಕಾಯಿಲೆ ಹದ್ದುಬಸ್ತಿಗೆ ಬರುತ್ತದೆ, ಹೃದಯ ಹತ್ತು ವರ್ಷ ಎಳೆಯದಾಗುತ್ತದೆ ಎಂಬುದು ಕಂಪನಿಯ ಮಾತು. ಮಾತಿಗೇನು ಬರ. ಇಂಥ ಆ್ಯಪುಗಳನ್ನು ಆತ್ರೇಯ ಬೇಕಾದಷ್ಟು ಕಂಡಿದ್ದ. ಜನ ಹುಮ್ಮಸ್ಸಿನಲ್ಲಿ ಹಾಕಿಸಿಕೊಳ್ಳುತ್ತಾರೆ, ಮೂರನೆಯ ವಾರಕ್ಕೆ ಪಟ್ಟಿ ಟೀವಿಯ ಹಿಂದೆ ಸೇರುತ್ತದೆ. ಆದರೆ ಬಸವೇಶ್ವರನಗರದ ನಲವತ್ತು ಹೆಂಗಸರ ಮೇಲೆ ಇವರು ನಡೆಸಿದ ಪ್ರಯೋಗದಲ್ಲಿ ನೂರ ಹತ್ತು ದಿನ ಕಳೆದರೂ ಮೂವತ್ತಾರು ಜನ ನಡೆಯುತ್ತಲೇ ಇದ್ದರು. ಆ ನಲವತ್ತರಲ್ಲಿ ಅವನ ತಾಯಿ ಅನಂತಲಕ್ಷ್ಮಿಯೂ ಒಬ್ಬಳು. ಜನವರಿಯಲ್ಲಿ ಈ ಕಡತ ಕೈಗೆ ಬಂದಾಗ, ನೋಡಿಯೇ ಬಿಡೋಣ ಎಂದು ಅವಳನ್ನೂ ಅವಳ ಮೂವರು ಗೆಳತಿಯರನ್ನೂ ಸೇರಿಸಿ, ಅವಳ ಕೈಗೆ ಪಟ್ಟಿ ಕಟ್ಟಿದವನು ಅವನೇ. ಅಮ್ಮನಿಗೆ ಎಪ್ಪತ್ತೊಂದು, ಹದಿನೆಂಟು ವರ್ಷದಿಂದ ಸಕ್ಕರೆ. ಅವಳ ಹೃದಯಕ್ಕೆ ಆ್ಯಪು ಹೇಳುವ ಪ್ರಕಾರ ಮೂವತ್ತಾರು.

ತಿಂಡಿಗೆ ಉಪ್ಪಿಟ್ಟು. ಅಮ್ಮ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು ಕೊತ್ತಂಬರಿ ಸೊಪ್ಪು ಸೋಸುತ್ತಿದ್ದಳು, ಸೆರಗು ಎರಡೂ ಕೈ ಮುಚ್ಚುವಂತೆ ಹೊದ್ದಿದ್ದಳು. ಮೇ ತಿಂಗಳ ಧಗೆಯಲ್ಲಿ ಕಾಲಿಗೆ ಬೂದುಬಣ್ಣದ ಕಾಲುಚೀಲ. "ಈ ಸೆಕೇಲಿ ಸಾಕ್ಸ್ ಯಾಕಮ್ಮ?" ಎಂದು ಹಿಂದೊಮ್ಮೆ ಕೇಳಿದ್ದ. "ನೆಲ ತಣ್ಣಗಿದೆ ಕಣೋ" ಎಂದಿದ್ದಳು. ಅದು ಅಲ್ಲಿಗೇ ಮುಗಿಯಿತು. ಅವನು ಮೇಜಿನ ಮುಂದೆ ಕೂತು, ಮೂರು ಮಾರು ದೂರದಲ್ಲಿದ್ದ ಅಮ್ಮನನ್ನು ಬಿಟ್ಟು, ಫೋನಿನಲ್ಲಿ ಅಮ್ಮನನ್ನು ನೋಡಿದ. "ನಿನ್ನೆ ಹದಿನಾಲ್ಕು ಸಾವಿರ ಹೆಜ್ಜೆ ಅಮ್ಮ." ಅನಂತಲಕ್ಷ್ಮಿ, ಯಾರದೋ ಮಗಳಿಗೆ ಗಂಡು ಗೊತ್ತಾದ ಸುದ್ದಿ ಕೇಳಿದವಳ ಹಾಗೆ, "ಹೌದಾ? ಒಳ್ಳೇದಾಯ್ತು ಬಿಡು" ಎಂದಳು. ಹದಿನೈದು ದಿನದ ಹಿಂದೆ ಅವಳೇ, "ಎಲ್ಲಾ ಹಸಿರೇ ಬರ್ತಿದೆಯಲ್ಲ, ರಾತ್ರಿ ಮಾತ್ರೆ ಬಿಟ್ಟಿದೀನಿ" ಎಂದಾಗ ಬೇರೆ ಯಾರ ಮಗನಾದರೂ ಬೈಯುತ್ತಿದ್ದ. ಇವನು ಒಳಗೆ ಹೋಗಿ ವರದಿಯಲ್ಲಿ ಒಂದು ಸಾಲು ಸೇರಿಸಿದ: ಪ್ರಯೋಗದಲ್ಲಿದ್ದ ಹಿರಿಯರೊಬ್ಬರು ಔಷಧಿಯನ್ನು ಅರ್ಧಕ್ಕೆ ಇಳಿಸಿದ್ದಾರೆ. ಹೆಂಡತಿ ಅಮೂಲ್ಯಾ ಮೈಸೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದು, ವಾರಕ್ಕೊಮ್ಮೆ ಬಂದು ಬಟ್ಟೆಬರೆ ತೆಗೆದುಕೊಂಡು ಹೋಗುತ್ತಾಳೆ. ಅವಳಿದ್ದಿದ್ದರೆ ಏನನ್ನುತ್ತಿದ್ದಳೋ. ಸಂಜೆ ಆರರೊಳಗೆ ಮಹದೇವರಿಗೆ ಹೌದು ಅಥವಾ ಇಲ್ಲ ತಲುಪಬೇಕಿತ್ತು. ಅವನ ಹೌದು ಪೂರ್ತಿಯಾಗಿ ಅಮ್ಮನ ಆ ಎರಡು ಕಾಲುಗಳ ಮೇಲೆ ನಿಂತಿತ್ತು.

ವಿಜಯನಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ವರದಿಯಲ್ಲಿ ಎರಡು ಕಡೆ ಅವನಿಗೇ ಮೊದಲು ಅನುಮಾನ ಬಂದಿತ್ತು, ಹಳೆಯ ಆತ್ರೇಯ ಅಷ್ಟರಲ್ಲೇ ಇಲ್ಲ ಎಂದು ಗೀಚಿ ಎದ್ದುಹೋಗುತ್ತಿದ್ದ. ಅಮ್ಮನ ಮತ್ತು ಅವಳ ಮೂವರು ಗೆಳತಿಯರ ಹೆಜ್ಜೆಗಳು ದಿನವೂ ಹೆಚ್ಚುಕಡಿಮೆ ಒಂದೇ. ಒಬ್ಬಳದು ಹದಿನಾಲ್ಕು ಸಾವಿರದ ಇನ್ನೂರಾದರೆ ಇನ್ನೊಬ್ಬಳದು ಹದಿನಾಲ್ಕು ಸಾವಿರದ ನೂರ ತೊಂಬತ್ತು. ಒಂದು ರಾತ್ರಿ ಯೋಚಿಸಿ ಅದಕ್ಕೆ ಅರ್ಥ ಹಚ್ಚಿದ: ಜೊತೆಯಾಗಿ ನಡೆಯುವ ಗೆಳತಿಯರು, ಒಬ್ಬಳು ಬಿಟ್ಟರೆ ಇನ್ನೊಬ್ಬಳು ಎಳೆದುಕೊಂಡು ಹೋಗುತ್ತಾಳೆ, ಇದೇ ಈ ಕಂಪನಿಯ ಬಲ. ಎರಡನೆಯದು, ನಾಲ್ವರೂ ಅಮಾವಾಸ್ಯೆಯ ದಿನ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಅದಕ್ಕಂತೂ ಉತ್ತರ ತಾನಾಗಿ ಹೊಳೆಯಿತು. ಹಳೆಯ ಕಾಲದ ಹೆಂಗಸರು, ಅಮಾವಾಸ್ಯೆ ದಿನ ಹೊರಗೆ ಹೊರಡುವುದಿಲ್ಲ. ನಮ್ಮ ಜನರ ಆಚಾರ ವಿಚಾರಗಳನ್ನು ಬಲ್ಲವರಿಗಷ್ಟೇ ಈ ಅಂಕಿಗಳು ಮಾತಾಡುತ್ತವೆ ಎಂದು ಬರೆದ. ಮಹದೇವ್ ಅದನ್ನು ಓದಿ, "ಇದು ನೋಡಿ, ಇದು ಬೇಕಾಗಿದ್ದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಂದು ಕಾಫಿ ಬಂತು. ಆತ್ರೇಯ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಈಗ ಬಸ್ಸಿನಲ್ಲಿ ಅದನ್ನು ನೆನೆಯುವಾಗಲೇ ಹಳೆಯದೊಂದು ಊಟದ ಪಂಕ್ತಿ ಕಣ್ಣಮುಂದೆ ಬಂತು. ರಾಜಾಜಿನಗರದ ಒಂದು ಮದುವೆ ಛತ್ರ. ಅವನು ಇಲ್ಲ ಎಂದು ಬರೆದು ಆಮೇಲೆ ಬೆಳೆದುಹೋದ ಕಂಪನಿಯ ಒಡೆಯ ಎದುರು ಸಾಲಿನಲ್ಲಿ ಕೂತಿದ್ದ. ಗುರುತು ಹಿಡಿದು, ಬಡಿಸುವವನನ್ನು ಕರೆದು, "ನಮ್ಮ ಸಾರ್‌ಗೆ ಇನ್ನೊಂದು ಹೋಳಿಗೆ ಹಾಕಪ್ಪ, ಅವರು ಬೇಡ ಅಂತಾರೆ, ಹಾಕು" ಎಂದ. ಹೊಟ್ಟೆ ತುಂಬಿದ್ದರೂ ಆತ್ರೇಯ ಅದನ್ನು ಪೂರ್ತಿ ತಿಂದ. ಅವಮಾನವನ್ನು ಹೀಗೆ ತುಪ್ಪ ಹಾಕಿ ಬಡಿಸಿದರೆ ಉಗುಳುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ನಡೆದಾಡು ಕಂಪನಿಯ ಆಫೀಸು ವಿಜಯನಗರದ ಒಳರಸ್ತೆಯಲ್ಲಿ, ಒಂದು ಸೀರೆ ಅಂಗಡಿಯ ಮೇಲಿನ ಎರಡನೆಯ ಮಹಡಿ. ಅದರ ಒಡೆಯ ಫಕೀರೇಶನಿಗೆ ಇನ್ನೂ ಮೂವತ್ತಾಗಿಲ್ಲ, ರೋಣದ ಕಡೆಯವನು. ಎಂಜಿನಿಯರಿಂಗ್ ಓದುವಾಗ ಎರಡು ವರ್ಷ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸಿದ್ದವನು. ಬಾಗಿಲಲ್ಲೇ ಕಾದು ನಿಂತಿದ್ದ, ಬಿಳಿ ಅಂಗಿಯ ಜೇಬಿನಲ್ಲಿ ಇಂಕಿನ ಕಲೆ. ಕಾಗದದ ಲೋಟದಲ್ಲಿ ಚಹಾ ತರಿಸಿ ತಾನು ಕುಡಿಯದೆ ಎದುರು ಕೂತ. "ದಿನಕ್ಕ ಐವತ್ತು ಅರವತ್ತು ಮನಿ ಮೆಟ್ಟಲಾ ಹತ್ತತಿದ್ದೆ ಸರ" ಎಂದ. "ಉಂಡವರು ಅವರು, ಕರಗಿದವ ನಾನು. ಅವಾಗ ಅನಿಸ್ತು, ಈ ಮಂದೀನ ಒಂಚೂರು ಎಬ್ಬಿಸಿ ನಡಸಬೇಕಂತ." ಅವನು ನಕ್ಕಾಗ ಆತ್ರೇಯನಿಗೂ ನಗು ಬಂತು. ಇವನು ಮೋಸಗಾರನಲ್ಲ. ಮೋಸಗಾರರನ್ನು ಹನ್ನೊಂದು ವರ್ಷ ಎದುರಿಗೆ ಕೂರಿಸಿಕೊಂಡು ನೋಡಿದ ಕಣ್ಣಿಗೆ ಅಷ್ಟು ಗೊತ್ತಾಗುತ್ತಿತ್ತು. ಪಟ್ಟಿಯ ಲೆಕ್ಕ ಸರಿಯಾಗಿಯೇ ಇತ್ತು, ಎದೆಬಡಿತವನ್ನು ಡಾಕ್ಟರರ ಯಂತ್ರದ ಜೊತೆ ಹೋಲಿಸಿದ ಕಾಗದಗಳಿದ್ದವು. ಇನ್ನೇನು ಬೇಕು? ಗೋಡೆಯ ಮೇಲೆ ಅಂಟಿಸಿದ್ದ ಕರ್ನಾಟಕದ ಭೂಪಟದಲ್ಲಿ ಮುಂದಿನ ವರ್ಷದ ಊರುಗಳಿಗೆಲ್ಲ ಕೆಂಪು ಗುಂಡುಸೂಜಿ ಚುಚ್ಚಿದ್ದರು. ಫಕೀರೇಶ ಮಾತು ನಿಲ್ಲಿಸಿ, ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ, "ಒಂದ ಮಾತು ಕೇಳತೀನ್ರೀ ಸರ. ಕಾಗದದಾಗಿಂದು ಬ್ಯಾಡ. ನಿಮಗ ಖರೇನ ಅನಸ್ತದೇನ್ರಿ, ಇದರಿಂದ ಒಬ್ಬ ಮನಶಾಗರೆ ಚಲೋ ಆಗತದಂತ?" ಎಂದು ಕೇಳಿದ.

ಹನ್ನೊಂದು ವರ್ಷದಲ್ಲಿ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. ಎಲ್ಲರೂ ವಾದಿಸಿದ್ದರು, ಕೆಲವರು ಗದರಿಸಿದ್ದರು, ಒಬ್ಬ ಅತ್ತಿದ್ದ. ಆತ್ರೇಯ ಚಹಾದ ಲೋಟ ಕೆಳಗಿಟ್ಟ. "ನಮ್ಮಮ್ಮನೇ ಇದಾರಲ್ಲಪ್ಪ" ಎಂದ. "ಎಪ್ಪತ್ತೊಂದು ವರ್ಷ. ಹೋದ ವರ್ಷ ಪಾರ್ಕಿಗೆ ಹೋಗೋದನ್ನೂ ಬಿಟ್ಟುಬಿಟ್ಟಿದ್ರು. ಈಗ ದಿನಾ ಹದಿನಾಲ್ಕು ಸಾವಿರ ಹೆಜ್ಜೆ." ಹೇಳುತ್ತ ಹೇಳುತ್ತ ಅವನಿಗೆ ಅಮ್ಮ ಬೆಳಗಿನ ಬಿಸಿಲಿನಲ್ಲಿ ಗೆಳತಿಯರ ಜೊತೆ ಬೀಸುಗೈಯಲ್ಲಿ ನಡೆಯುವುದು ಕಾಣಿಸಿತು. ಅದನ್ನು ಅವನು ಒಂದು ದಿನವೂ ಕಣ್ಣಾರೆ ಕಂಡಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ; ಇಷ್ಟು ಚೆನ್ನಾಗಿ ಕಾಣುವಾಗ ಯಾಕೆ ಹೊಳೆದೀತು. ಫೋನು ತೆಗೆದು ಅಲ್ಲೇ, ಆ ಹುಡುಗನೆದುರಿಗೇ, ವರದಿಯನ್ನು ಮಹದೇವರಿಗೆ ಕಳಿಸಿದ. ಕೊನೆಯ ಸಾಲು: ಹೌದು, ಹೂಡಬಹುದು. ಹತ್ತು ನಿಮಿಷದಲ್ಲಿ ಮಹದೇವರ ಉತ್ತರ ಬಂತು: ಅಂತೂ ಇಂತೂ. ಜೊತೆಗೊಂದು ನಗುವ ಮುಖ. ಫಕೀರೇಶ ಎದ್ದು ನಿಂತವನು ಏನು ಮಾಡಬೇಕೋ ತಿಳಿಯದೆ ಮತ್ತೆ ಕೂತ. "ಅಮ್ಮಾರದೊಂದು ಫೋಟೋ ಕೊಡ್ರಿ ಸರ, ಪೋಸ್ಟರಿಗೆ ಹಾಕೋಣಂತ" ಎಂದ. ಕೊಡ್ತೀನಿ ಎಂದು ಆತ್ರೇಯ ಮೆಟ್ಟಿಲಿಳಿದ. ಹೀಗೂ ಬದುಕಬಹುದಿತ್ತಲ್ಲ, ಇಷ್ಟು ವರ್ಷ ಸುಮ್ಮನೆ ಮುಖ ಗಂಟುಹಾಕಿಕೊಂಡು ತಿರುಗಿದೆನಲ್ಲ ಎಂದು ನಿಜಕ್ಕೂ ಸಂತೋಷವಾಯಿತು. ಆಫೀಸಿಗೆ ಹೋಗುವ ಬದಲು ಮನೆಯ ಕಡೆಯ ಬಸ್ಸು ಹತ್ತಿದ.

ಹಾವನೂರು ಸರ್ಕಲ್ಲಿನಲ್ಲಿ ಇಳಿದಾಗ ಎರಡು ಗಂಟೆ. ಆ ಹೊತ್ತಿನಲ್ಲಿ ತನ್ನ ಬೀದಿಯನ್ನು ಅವನು ನೋಡಿಯೇ ಎಷ್ಟೋ ವರ್ಷವಾಗಿತ್ತು. ಬಾಗಿಲುಗಳೆಲ್ಲ ಮುಚ್ಚಿ, ಒಳಗೆ ಟೀವಿಯ ಸದ್ದು, ಗೇಟಿನ ನೆರಳಿನಲ್ಲಿ ಮಲಗಿದ ನಾಯಿ. ಅಮ್ಮನಿಗೆಂದು ಎರಡು ಮೊಳ ಮಲ್ಲಿಗೆ ಕೊಂಡಿದ್ದ. ಮೂಲೆಯ ಮೂರು ಮಹಡಿ ಮನೆ ವಿಮಲಮ್ಮನದು, ಅಮ್ಮನ ಗೆಳತಿ. ಅದರ ಹೊರಮೆಟ್ಟಿಲನ್ನು ಮೇಲಿನಿಂದ ಸಾರಿಸುತ್ತ ಶಂಕ್ರವ್ವ ಇಳಿಯುತ್ತಿದ್ದಳು. ಆತ್ರೇಯನ ಮನೆಯ ಕೆಲಸಕ್ಕೂ ಅವಳೇ. ಕಾಮಾಕ್ಷಿಪಾಳ್ಯದಿಂದ ಬೆಳಗ್ಗೆ ಆರೂವರೆಗೆ ನಡೆದು ಬಂದು, ಸಾಲಾಗಿ ನಾಲ್ಕು ಮನೆ ಮುಗಿಸಿ, ಸಂಜೆ ಇನ್ನೊಂದು ಸುತ್ತು ಪಾತ್ರೆ ತೊಳೆದು ಹೋಗುವವಳು. ಐದು ವರ್ಷದಿಂದ ದಿನವೂ ಅವಳನ್ನು ಕಂಡಿದ್ದ, ನೋಡಿರಲಿಲ್ಲ. ಇವನನ್ನು ಕಂಡು ಅವಳು ಹಣೆಯ ಬೆವರು ಒರೆಸಲು ತೋಳೆತ್ತಿದಳು. ಹಸಿರು ಗಾಜಿನ ಬಳೆಗಳು ಜಾರಿ ಮೊಣಕೈಗೆ ಬಂದವು. ಬಳೆಗಳ ನಡುನಡುವೆ ಕಪ್ಪು ಪಟ್ಟಿಗಳು. ಒಂದು, ಎರಡು. ಇನ್ನೊಂದು ಕೈಯಲ್ಲಿ ಎರಡು. ಆತ್ರೇಯ ನಿಂತ ಕಡೆಯೇ ನಿಂತ. ಒಂದು ಪಟ್ಟಿಗೆ, ಗುರುತು ಸಿಗಲೆಂದು, ಅವನೇ ಜನವರಿಯಲ್ಲಿ ಕಟ್ಟಿದ ಕೆಂಪು ದಾರ ಈಗ ಕೊಳೆಯಾಗಿ ಕಂದಿಹೋಗಿತ್ತು.

"ಅಣ್ಣಾರ, ನಾ ಏನೂ ಕದ್ದಿಲ್ಲರೀ" ಎಂದಳು ಶಂಕ್ರವ್ವ. ಅವನು ಏನನ್ನೂ ಕೇಳಿರಲಿಲ್ಲ. "ಅಮ್ಮಾರ ಕಟ್ಟಿಸ್ಯಾರ್ರೀ. ಮುಂಜಾನೆ ಹಾಕ್ಕೊಂಡ್ ಹೋಗು, ಸಂಜಿಗಿ ಕೊಡು ಅಂದ್ರು. ಅದನ್ನ ನೋಡಿ ಈ ಅಮ್ಮಾರೂ ಕೊಟ್ರು, ಇಂದ್ರಮ್ಮಾರೂ ಕೊಟ್ರು, ಆ ಕಡಿ ಮನಿಯವ್ರೂ ಕೊಟ್ರು. ನಡಿಯೂದು ಹೆಂಗೂ ನಡಿತೀನಿ, ಭಾರ ಏನ್ ಐತ್ರಿ ಅದರಾಗ." ಎಲ್ಲಿಂದಲೋ ತನ್ನದೇ ಧ್ವನಿ, "ಅಮಾವಾಸ್ಯೆ ದಿನ?" ಎಂದು ಕೇಳಿದ್ದು ಆತ್ರೇಯನಿಗೆ ಕೇಳಿಸಿತು. "ಅಮಾಸಿಗೆ ನಾ ಎಲ್ಲಿ ಬರ್ತೀನ್ರಿ ಕೆಲಸಕ್ಕ? ನಮ್ಮ ದೇವ್ರಿಗೆ ಹೋಗ್ತೀನಲ್ಲ. ಗೊತ್ತಿಲ್ಲೇನ್ರಿ ನಿಮಗ?" ನಮ್ಮ ಜನರ ಆಚಾರ ವಿಚಾರಗಳನ್ನು ಬಲ್ಲವರಿಗಷ್ಟೇ. ಹಾಗೆಂದು ವರದಿಯಲ್ಲಿ ಬರೆದವನು ಅವನೇ. ಅವಳಿಗೆ ವಯಸ್ಸೆಷ್ಟು ಎಂದು ಕೇಳಿದ. ಮೂವತ್ತೈದೋ ಮೂವತ್ತಾರೋ, ಶಾಲೆಗೆ ಹೋಗಿದ್ದರೆ ಗೊತ್ತಿರುತ್ತಿತ್ತು ಎಂದಳು. ಯಂತ್ರ ಸುಳ್ಳು ಹೇಳಿರಲಿಲ್ಲ. ಫಕೀರೇಶನ ಲೆಕ್ಕದಲ್ಲಿ ಒಂದಿನಿತೂ ತಪ್ಪಿರಲಿಲ್ಲ. ಅದು ಹಿಡಿದ ನಾಡಿ ನಿಜವಾದ ನಾಡಿ. ಶಂಕ್ರವ್ವ ಹೆದರಿ ಪಟ್ಟಿಗಳನ್ನು ಬಿಚ್ಚತೊಡಗಿದಳು. ಬೇಡ, ಹಾಕಿಕೊಂಡಿರು ಎಂದ. "ಅಮ್ಮಾರ್ನ ಬೈಬ್ಯಾಡ್ರಿ" ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. "ಕಾಲು ನೋಡ್ರಿ ಮೊದಲ. ನಾ ಹೇಳಿದ್ರ ನನಗ ಬೈತಾರ. ಅರಿಶಿಣ ಹಚ್ಚು ಅಂತಾರ, ಸುಮ್ಮಿರು ಅಂತಾರ."

ಕಾಲು ನೋಡಬೇಕು ಎಂದುಕೊಂಡೇ ಗೇಟು ತೆರೆದ. ಆದರೆ ಒಳಗೆ ಕಾಲಿಟ್ಟ ಮೇಲೆ ಬಾಯಿಂದ ಮೊದಲು ಬಂದದ್ದು ಕಾಲಿನ ಮಾತಲ್ಲ. ಇದನ್ನು ಅವನು ಆಮೇಲೆ ಬಹಳ ದಿನ ನೆನೆದುಕೊಳ್ಳಬೇಕಾಯಿತು. "ನನ್ನ ಮರ್ಯಾದೆ ತೆಗೆದೆಯಲ್ಲಮ್ಮ" ಎಂದ. ಅನಂತಲಕ್ಷ್ಮಿ ನಡುಮನೆಯ ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಮಗ ಯಾಕೆ ಇಷ್ಟು ಬೇಗ ಬಂದ, ಜ್ವರವೇ ಎಂದು ಹಣೆ ನೋಡಲು ಕೈ ಚಾಚಿದಳು. ಅವನು ಹಿಂದೆ ಸರಿದು, ಶಂಕ್ರವ್ವನ ಕೈಯಲ್ಲಿ ಪಟ್ಟಿ ಕಂಡದ್ದನ್ನು ಹೇಳಿದ. ಅವಳ ಮುಖದಲ್ಲಿ ಕಳ್ಳತನ ಸಿಕ್ಕಿಬಿದ್ದ ಭಾವವೇನೂ ಕಾಣಲಿಲ್ಲ. ಅದೇ ಅವನನ್ನು ಇನ್ನಷ್ಟು ಕೆರಳಿಸಿತು. "ಅದರಲ್ಲೇನೋ ತಪ್ಪು?" ಎಂದಳು. "ನಿನಗೆ ಏಳು ವರ್ಷ ಇದ್ದಾಗ ಟೈಫಾಯ್ಡ್ ಬಂದು ಮೇಲೇಳ್ತೀಯೋ ಇಲ್ವೋ ಅನ್ನೋ ಹಾಗಾಗಿತ್ತು. ನಿನ್ನ ಹೆಸರಲ್ಲಿ ನಲವತ್ತೆಂಟು ದಿನ ಆಂಜನೇಯಸ್ವಾಮಿಗೆ ಪ್ರದಕ್ಷಿಣೆ ಹಾಕಿದೆ, ದಿನಕ್ಕೆ ನೂರೆಂಟು. ನಡೆದೋಳು ನಾನು, ಎದ್ದು ಕೂತೋನು ನೀನು. ಆಗ ಆಗಿದ್ದು ಈಗ ಯಾಕಾಗಲ್ಲ? ಅವಳು ನನ್ನ ಹೆಸರಲ್ಲೇ ನಡೀತಾಳೆ. ಪಟ್ಟಿ ಕಟ್ಟೋವಾಗ ದಿನಾ ನನ್ನ ಹೆಸರು, ಗೋತ್ರ ಹೇಳಿ ಕಟ್ತೀನಿ." ಆತ್ರೇಯನಿಗೆ ಅದು ನೆನಪಿತ್ತು. ಆ ಜ್ವರದ ಹಾಸಿಗೆ, ಸೂರಿನ ಕಡೆ ನೋಡುತ್ತ ಮಲಗಿದ ತಾನು, ಮಧ್ಯಾಹ್ನದ ಬಿಸಿಲಿನಿಂದ ಬಂದು ಹೊಸ್ತಿಲಲ್ಲಿ ಕೂತು ಅಂಗಾಲಿನ ಬೊಬ್ಬೆಗೆ ಎಣ್ಣೆ ಹಚ್ಚಿಕೊಳ್ಳುವ ಅಮ್ಮ. ಆ ಅಂಗಾಲು ಕೆಂಪಗಿತ್ತು. ಮುಟ್ಟಿದರೆ ಹಾ ಎನ್ನುತ್ತಿದ್ದಳು.

ಕಂಪನಿಯವರು ಮನೆಗೆ ಬಂದು ಮಾಡಿದ ರಕ್ತಪರೀಕ್ಷೆಯಲ್ಲೂ ಸಕ್ಕರೆ ಇಳಿದಿತ್ತಲ್ಲ, ಅದು ಹೇಗೆ ಎಂದು ಕೇಳಿದ. ಕೇಳುವಾಗ ಇನ್ನೂ ಎಲ್ಲೋ ಒಂದು ಆಸೆ ಉಳಿದಿತ್ತು. "ಅವರು ಬರೋ ಹಿಂದಿನ ದಿನ ನಾವೆಲ್ಲ ಉಪವಾಸ ಇದ್ವಲ್ಲ" ಎಂದಳು ಅನಂತಲಕ್ಷ್ಮಿ. "ಇಡೀ ಬಳಗ. ವಿಮಲಮ್ಮನೇ ಎಲ್ಲರಿಗೂ ಫೋನ್ ಮಾಡಿ ಹೇಳಿದ್ರು. ಮನೆಗೆ ಬಂದೋರ ಮುಂದೆ ಸಕ್ಕರೆ ಜಾಸ್ತಿ ಬಂದ್ರೆ ಚೆನ್ನಾಗಿರುತ್ತೇನೋ? ಪಾಪ, ಆ ಹುಡುಗನೂ ನಮ್ಮನ್ನೇ ನೆಚ್ಚಿಕೊಂಡಿದಾನೆ." ನಲವತ್ತು ಹೆಂಗಸರು, ನೆಂಟರು ಬರುತ್ತಾರೆಂದು ಮನೆ ಗುಡಿಸಿಡುವ ಹಾಗೆ, ರಕ್ತವನ್ನು ಗುಡಿಸಿಟ್ಟಿದ್ದರು. ಯಾರೊಬ್ಬರಿಗೂ ಮೋಸ ಮಾಡುವ ಯೋಚನೆಯಿರಲಿಲ್ಲ. ಅವಳು ಮತ್ತೆ ಬತ್ತಿ ಹೊಸೆಯಲು ಕೂತು, ಅವನ ಕಡೆ ನೋಡದೆ, "ನಾನು ಪಾರ್ಕಿಗೆ ಹೋಗಲ್ಲ ಕಣೋ ಇನ್ನ" ಎಂದಳು. "ದಸರಾ ಹೊತ್ತಿಗೆ ಒಂದಿನ ನಡೆದು ಮನೆಗೆ ಬಂದೆ, ಗೇಟಿನ ಹತ್ತಿರ ಯಾರೋ ಹುಡುಗಿ, ಅಜ್ಜಿ ನಿಮ್ಮ ಒಂದು ಚಪ್ಪಲಿ ಎಲ್ಲಿ ಅಂದ್ಳು. ನೋಡ್ತೀನಿ, ಎಡಗಾಲಲ್ಲಿ ಇಲ್ಲ. ಎಲ್ಲಿ ಕಳಚಿತೋ, ಬರಿಗಾಲಲ್ಲೇ ಬಂದಿದೀನಿ. ಅವರೆಲ್ಲ ನಕ್ಕರು. ಇಂದ್ರಮ್ಮನೂ ನಕ್ಕರು." ಅವಳಿಗೆ ನೆನಪಿದ್ದದ್ದು ನಗು. ಚಪ್ಪಲಿ ಬಿದ್ದದ್ದು ಕಾಲಿಗೆ ಯಾಕೆ ತಿಳಿಯಲಿಲ್ಲ ಎಂಬುದನ್ನು ಅವಳು ಕೇಳಿಕೊಂಡಿರಲಿಲ್ಲ, ಅಥವಾ ಕೇಳಿಕೊಂಡು ಬತ್ತಿಯ ಜೊತೆ ಹೊಸೆದುಬಿಟ್ಟಿದ್ದಳು. "ಈಗ ನೋಡು, ಬಳಗದಲ್ಲಿ ನಾನೇ ಮೊದಲು. ದಿನಾ ಸಂಜೆ ಒಬ್ಬರಾದರೂ ಫೋನ್ ಮಾಡ್ತಾರೆ, ಹೇಗ್ರೀ ನಡೀತೀರಿ ಅಷ್ಟು ಅಂತ."

ಆತ್ರೇಯ ಹಿತ್ತಲಿಗೆ ಹೋಗಿ ಮಹದೇವರಿಗೆ ಫೋನು ಹಚ್ಚಿದ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ: ಹೆಜ್ಜೆಗಳು ಇವರದಲ್ಲ, ಎದೆಬಡಿತ ಇವರದಲ್ಲ, ರಕ್ತ ಉಪವಾಸದ್ದು, ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ನನ್ನ ಉತ್ತರ ಇಲ್ಲ. ಮಹದೇವ್ ನಕ್ಕರು. ಕೆಟ್ಟ ನಗುವೇನಲ್ಲ, ಸಲಿಗೆಯ ನಗು. "ಆತ್ರೇಯ, ನೀವು ಬೆಳಗ್ಗೆ ಹೌದು ಅಂದಾಗ ನಾನು ಹಣ ಹೂಡೋರಿಗೆಲ್ಲ ಫೋನ್ ಮಾಡಿ ಹೇಳಿದೀನಿ. ಆತ್ರೇಯನೇ ಹೌದು ಅಂದಿದಾರೆ ಅಂತ. ಅದನ್ನ ಕೇಳಿಯೇ ಅವರು ಒಪ್ಪಿದ್ದು. ಈಗ ಮತ್ತೆ ಇಲ್ಲ ಅಂದ್ರೆ ಏನಂತಾರೆ? ಮನುಷ್ಯ ಹಳೇ ಚಾಳಿಗೆ ಬಂದ ಅಂತಾರೆ." "ನಾಲ್ಕು ಜನದ್ದೂ ಸುಳ್ಳು ಸಾರ್." "ನಾಲ್ಕು ತೆಗೀರಿ, ಇನ್ನೂ ಮೂವತ್ತೆರಡು ಉಳೀತು." "ಆ ಮೂವತ್ತೆರಡು ಮನೇಲೂ ಕೆಲಸದವರು ಇರ್ತಾರೆ ಸಾರ್." "ಇರ್ಲಿ ಬಿಡ್ರೀ. ಪಟ್ಟಿ ಯಾರ ಕೈಯಲ್ಲಿದ್ರೇನು, ದಿನಾ ಕಟ್ತಿದಾರಲ್ಲ, ಬಿಟ್ಟಿಲ್ಲವಲ್ಲ. ನಮಗೆ ಬೇಕಾಗಿರೋದು ಅದು. ನಿಮ್ಮ ತಾಯಿ ಬಗ್ಗೆ ಬರೆದಿದ್ದೀರಲ್ಲ, ಮಾತ್ರೆ ಅರ್ಧ ಆಯ್ತು ಅಂತ, ಅದನ್ನ ಮಾತ್ರ ಯಾರೂ ಮುಟ್ಟಬೇಡಿ ಅಂದಿದೀನಿ. ಎಲ್ಲರಿಗೂ ಹಿಡಿಸಿದ್ದು ಅದೇ." ಇನ್ನೊಬ್ಬರು ಕರೆಯುತ್ತಿದ್ದಾರೆ ಎಂದು ಇಟ್ಟುಬಿಟ್ಟರು. ಆತ್ರೇಯ ಒಗೆಯುವ ಕಲ್ಲಿನ ಮೇಲೆ ಕೂತ. ಹನ್ನೊಂದು ವರ್ಷ ಅವನ ಇಲ್ಲಕ್ಕೆ ಬೆಲೆಯಿರಲಿಲ್ಲ ಎಂದುಕೊಂಡಿದ್ದ. ಬೆಲೆಯಿತ್ತು, ಅದನ್ನೆಲ್ಲ ಇವತ್ತು ಒಂದೇ ಹೌದಿಗೆ ಸುರಿದುಬಿಟ್ಟಿದ್ದ. ಫಕೀರೇಶನಿಗೆ ಹೇಳಬೇಕು. ಏನೆಂದು? ನಿನ್ನ ಯಂತ್ರ ಸರಿಯಾಗಿದೆಯಪ್ಪ, ಮೆಟ್ಟಿಲು ಹತ್ತುವವರು ಹತ್ತುತ್ತಲೇ ಇದ್ದಾರೆ, ಕೂತವರು ಕೂತೇ ಇದ್ದಾರೆ. ಹೆಸರು ಹುಡುಕಿ, ಒತ್ತದೆ, ಫೋನನ್ನು ಜೇಬಿಗೆ ಹಾಕಿಕೊಂಡ.

ಒಳಗೆ ಬಂದು ಮಂಚದ ಮುಂದೆ ನೆಲದ ಮೇಲೆ ಮಂಡಿಯೂರಿ ಕೂತ. ಅನಂತಲಕ್ಷ್ಮಿಗೆ ಮಗ ನಮಸ್ಕಾರ ಮಾಡಲು ಬಾಗಿದ ಹಾಗೆ ಕಂಡಿತೋ ಏನೋ, ಯಾಕೆ, ಇವತ್ತೇನು ವಿಶೇಷ ಎಂದೂ ಕೇಳದೆ, ಬತ್ತಿಯ ಹತ್ತಿ ಅಂಟಿದ ಕೈಯನ್ನು ಅವನ ತಲೆಯ ಮೇಲಿಟ್ಟು, "ಒಳ್ಳೇದಾಗಲಿ" ಎಂದಳು. ಯುಗಾದಿಯ ದಿನ ಬಿಟ್ಟರೆ ಆ ಪಾದವನ್ನು ಅವನು ಮುಟ್ಟಿದ್ದಿಲ್ಲ. ಅವತ್ತೂ ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು ಏಳುವುದಷ್ಟೇ, ನೋಡುವುದೆಲ್ಲಿ. ಎಡಗಾಲಿನ ಚೀಲವನ್ನು ಎಳೆದ. ಅದು ಬೆರಳಿನ ಹತ್ತಿರ ಅಂಟಿಕೊಂಡಿತ್ತು, ನೀರು ಹಾಕಿ ನೆನೆಸಿ ಬಿಡಿಸಬೇಕಾಯಿತು. ಬಿಡಿಸುವಾಗ ಅವಳು ಮುಖ ಕಿವುಚಲಿಲ್ಲ, ಕಾಲು ಎಳೆದುಕೊಳ್ಳಲಿಲ್ಲ, ಮಲ್ಲಿಗೆ ಎಷ್ಟಕ್ಕೆ ತಂದೆ ಎಂದು ಕೇಳಿದಳು. ಅರಿಶಿನದ ಹೆಕ್ಕಳೆಯ ಕೆಳಗೆ ಎರಡನೆಯ ಬೆರಳು ಕಪ್ಪಾಗಿತ್ತು. ಪಕ್ಕದ ಬೆರಳಿನ ಬುಡಕ್ಕೂ ಕಪ್ಪು ಇಳಿದಿತ್ತು. ವಾಸನೆಯಿತ್ತು. ಇಷ್ಟು ದಿನ ಒಂದೇ ಮನೆಯಲ್ಲಿ ಈ ವಾಸನೆಯ ನಡುವೆ ಕೂತು ಉಪ್ಪಿಟ್ಟು ತಿಂದೆನಲ್ಲ ಎಂದುಕೊಂಡ. "ನೋಯಲ್ವಾ ಅಮ್ಮ?" "ಇಲ್ಲ ಕಣೋ. ನೋವೇ ಇಲ್ಲ. ಅದಕ್ಕೇ ಯಾರಿಗೂ ಹೇಳಲಿಲ್ಲ." ಡಾಕ್ಟರ ಹತ್ತಿರ ಈಗಲೇ ಹೋಗಬೇಕು, ಆಟೋ ಕರೆಯುತ್ತೇನೆ ಎಂದ. ಅವಳ ಕಣ್ಣಲ್ಲಿ ಮೊದಲ ಸಲ ಹೆದರಿಕೆ ಕಂಡಿತು. "ಕತ್ತರಿಸ್ತಾರೆ ಅಲ್ಲಿ. ನನಗೇನೂ ಆಗಿಲ್ಲ. ಕಾಲಲ್ಲಿ ಚೆನ್ನಾಗಿ ಗೊತ್ತಾಗುತ್ತೆ ನನಗೆ, ಬೇಕಾದ್ರೆ ನೋಡು ನೀನೇ."

"ಹಾಗಾದ್ರೆ ಕಣ್ಣು ಮುಚ್ಚಿಕೋ" ಎಂದ. ಅವಳು ಚಿಕ್ಕ ಹುಡುಗಿಯ ಹಾಗೆ ಎರಡೂ ಕಣ್ಣನ್ನು ಬಿಗಿಯಾಗಿ ಮುಚ್ಚಿದಳು. ಆತ್ರೇಯ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳದ ತುದಿಯಿಂದ ಹೆಬ್ಬೆರಳನ್ನು ಒತ್ತಿದ. "ಗೊತ್ತಾಗುತ್ತಾ?" "ಹೂಂ." ಹಿಮ್ಮಡಿಯನ್ನು ಒತ್ತಿದ, ಇನ್ನೂ ಜೋರಾಗಿ, ಚರ್ಮದಲ್ಲಿ ಗುಳಿ ಬೀಳುವ ಹಾಗೆ. "ಈಗ?" "ಹೂಂ, ಅಲ್ಲೇ." ಅವಳ ದನಿ ಗಟ್ಟಿಯಾಗಿತ್ತು. ಅವನಿಗೆ ನಂಬಬೇಕೆನ್ನಿಸಿತು. ದೇವರೇ, ಇನ್ನೊಂದು ಸಲ ನಂಬಿಬಿಡಬೇಕೆಂದು ಎಷ್ಟು ಅನ್ನಿಸಿತು. ಪೆನ್ನನ್ನು ನೆಲದ ಮೇಲಿಟ್ಟು, ಎರಡೂ ಕೈಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಹೊರಗೆ ಯಾರದೋ ಸ್ಕೂಟರು ನಿಂತಿತು, ಹೋಯಿತು.

"ಈಗ, ಅಮ್ಮ?"

"ಈಗಲೂ ಗೊತ್ತಾಗ್ತಿದೆ ಕಣೋ" ಎಂದಳು ಅನಂತಲಕ್ಷ್ಮಿ, ಕಣ್ಣು ಮುಚ್ಚಿಕೊಂಡೇ. "ಸ್ವಲ್ಪ ಮೆಲ್ಲಗೆ ಒತ್ತು."